ಕಂಬದ ಗುಂಯ್ ಮತ್ತು ಹೀರೇಬಳ್ಳಿಯ ಹಗ್ಗ

ಕಲಿಸುವ ವಿದ್ಯೆಯನ್ನು ಚಪ್ಪಲಿಯಂತೆ ಹೊಸ್ತಿಲಾಚೆ ಬಿಟ್ಟು ಮನೆಯೊಳಗೆ ಬರುವುದು ಕ್ಷೇಮ. ಪುಣೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಗಾಳಿ-ನೀರುಗಳ ಹರಿವನ್ನು ಕಲಿಸುತ್ತಿದ್ದ ನಾನು ಈ ನಿಯಮ ಮುರಿದದ್ದು ತೊಂಬತ್ತರ ದಶಕದಲ್ಲಿ, ಬಿಬವೇವಾಡಿಯ ಬಾಡಿಗೆ ಮನೆಯಲ್ಲಿ, ಟಿವಿ ಆಂಟೆನಾದ ಕಂಬವೊಂದರ ದೆಸೆಯಿಂದ. ಅಂಗಳದಿಂದ ಮಾಳಿಗೆಯಾಚೆಗೂ ಎದ್ದಿದ್ದ ಆ ದುಂಡು ಪೈಪನ್ನು ಕೆಳಮನೆಯ ಮಾಲೀಕರ ಕಿಟಕಿಯ ಸರಳಿಗೆ ಬಿಗಿದಿದ್ದೆವು. ಗಾಳಿ ಬಂದರೆ ಅದು ಗುಂಯ್ ಎನ್ನುತ್ತಿತ್ತು. ಗಾಳಿಯೋ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬರುತ್ತಿತ್ತು. ಪುಣೆಯಲ್ಲಿ ಆ ಹೊತ್ತಿಗೆ ಅಂಗಡಿಗಳೇ ಬಾಗಿಲೆಳೆದುಕೊಂಡು ಮಲಗುತ್ತವೆ. ಮಾಲೀಕ ಕಾಕಾ ಮಲಗದಿರುತ್ತಾರೆಯೇ? “ಪ್ರೊಫೆಸರ್, ರವಿವಾರ ಪರ್ಯಂತ ಹೇ ಬಂದ! ನಾಹೀತರ ದುಸರಂ ಘರ ಬಘಾ,” ಎಂದರು. ರವಿವಾರದೊಳಗೆ ಸದ್ದು ನಿಲ್ಲದಿದ್ದರೆ ನಾವು ಬೇರೆ ಮನೆ ನೋಡಿಕೊಳ್ಳಬೇಕು.

ದುಂಡು ಕಂಬದ ಬೆನ್ನಿಗೆ ಗಾಳಿ ಎಡಕ್ಕೊಂದು, ಬಲಕ್ಕೊಂದು ಸುಳಿ ಬಿಟ್ಟು ಹೋಗುತ್ತದೆ. ಕಂಬವೇ ತೂಗತೊಡಗಿದರೆ ಸುಳಿಗಳೂ ಅದರ ತಾಳಕ್ಕೆ ಹೆಜ್ಜೆ ಹಾಕುತ್ತವೆ; ಗುಂಯ್ ಹುಟ್ಟುವುದು ಹೀಗೆ. ಕಾಲೇಜಿನ ನೀರಿನ ತೊಟ್ಟಿಯಲ್ಲಿ ಬಣ್ಣ ಬಿಟ್ಟು ಇದನ್ನು ನೋಡುವಾಗಲೆಲ್ಲ ನಾನು ಗರ್ಭಗುಡಿಯೆದುರು ನಿಂತವನಂತೆ ಮೂಕನಾಗುತ್ತಿದ್ದೆ. ಆಕಾರ ಬದಲಾದರೆ ಸುಳಿಯೂ ಬದಲಾಗುತ್ತದಲ್ಲ, ಎಂದು ಚೌಕ ಪೈಪು ತಂದು ನಿಲ್ಲಿಸಿದೆ. ಗುಂಯ್ ನಿಂತಿತು. ಆದರೆ ಕಂಬ ಮೈಮೇಲೆ ದೇವರು ಬಂದಂತೆ ತೂಗಾಡಿ ಕಾಕಾರ ಕಿಟಕಿಯನ್ನೇ ಗಡಗಡ ನಡುಗಿಸಿತು.

ಶನಿವಾರ, ಸೋತು, ಹಳೆಯ ಪೈಪನ್ನೇ ಮತ್ತೆ ನಿಲ್ಲಿಸಲು ಅಂಗಳದಲ್ಲಿ ಮಲಗಿಸಿದ್ದೆ. ಧಾರವಾಡದ ನನ್ನ ಹೆಂಡತಿ ಅದಕ್ಕೆ ಬುಡದಿಂದ ತುದಿಯವರೆಗೆ ತೆಂಗಿನ ನಾರಿನ ಹಗ್ಗ ಸುತ್ತುತ್ತಿದ್ದಳು.

“ಇದೇನ ಇದು?”

“ಹೀರೀಬಳ್ಳಿ ಹಬ್ಬಲಿಕ್ಕೆ ಬ್ಯಾಡೇನ್ರಿ? ಬರೇ ಪೈಪಿನ ಮ್ಯಾಲೆ ಜಾರತದ.”

“ಮನೀನ ಬಿಡೂ ಹೊತ್ತಿನ್ಯಾಗ ಬಳ್ಳಿ ಚಿಂತಿ ಏನ ನಿನಗ?”

“ಅಂದ್ರ ನಿಮ್ಮ ವಿದ್ಯಾದ ಮ್ಯಾಲೆ ನಿಮಗ ನಂಬಿಕಿ ಇಲ್ಲಂದಂಗಾತು!”

ಹಗ್ಗ ಸುತ್ತಿದ ಪೈಪನ್ನೇ ಎತ್ತಿ ನಿಲ್ಲಿಸಿದೆ. ರವಿವಾರ ಒಂದು ಗಂಟೆಗೆ ಗಾಳಿ ಬಂತು. ಕಂಬ ಮಾತಾಡಲಿಲ್ಲ. ಹಗ್ಗದ ಸುತ್ತು ಒಂದೊಂದು ಎತ್ತರದಲ್ಲಿ ಒಂದೊಂದು ಕಡೆ ಅಡ್ಡ ಬಂದು, ಸುಳಿಗಳು ಒಂದೇ ತಾಳ ಹಿಡಿಯದಂತೆ ಮಾಡಿತ್ತು. ಕಾರ್ಖಾನೆಗಳ ಚಿಮಣಿಗೆ ಇಂಥದೇ ಸುತ್ತುಪಟ್ಟಿ ತೊಡಿಸುವುದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದವನು ನಾನೇ! ಅಷ್ಟು ದೊಡ್ಡ ಗಾಳಿಯನ್ನು ಒಂದು ಬಳ್ಳಿಯ ಹಗ್ಗ ಸುಮ್ಮನಾಗಿಸಿದ್ದನ್ನು ಕಂಡು ಕೈಗಳು ತಾವಾಗಿ ಕೂಡಿಕೊಂಡವು. ಗಾಳಿಗೋ ಹೆಂಡತಿಗೋ ಎಂದು ವಿಚಾರಿಸಲಿಲ್ಲ. ನೆಮ್ಮದಿಯಿಂದ ಉಂಡು ಅಡ್ಡಾದೆ.

ಮೂರಕ್ಕೆ ಬಾಗಿಲು ಬಡಿದ ಸದ್ದಿಗೆ ಎಚ್ಚರವಾಯಿತು. ಕೆಂಗಣ್ಣಿನ ಕಾಕಾ. ಕಂಬ ಶಾಂತವಾಗಿದೆಯಂತೆ, ಈಗ ಅವರ ತಲೆಯ ಮೇಲಿನಿಂದ ಗೊರಕೆ ಇಳಿದು ಬರುತ್ತಿದೆಯಂತೆ. ನನ್ನದೇ.

ಹೆಂಡತಿ ನನ್ನ ಹೊಟ್ಟೆಯ ದುಂಡನ್ನು ಒಮ್ಮೆ ದಿಟ್ಟಿಸಿ, ಉಳಿದ ಹಗ್ಗ ಎಷ್ಟಿದೆಯೆಂದು ಮೊಳ ಹಾಕತೊಡಗಿದಳು.