ದಾಳಿ ಮಾಸ್ತರರ ನೇಮಕ ಮತ್ತು ನನ್ನ ವಿರೋಧ

ಯಾವುದೇ ಸಂಸ್ಥೆಗೆ ಸೋಲು ರೂಢಿಯಾದಾಗ ಅದು ಮೊದಲು ಮಾಡುವ ಕೆಲಸ ಹೊಸಬರೊಬ್ಬರನ್ನು ನೇಮಿಸುವುದು. ಸೋಲು ಹಾಗೇ ಇರುತ್ತದೆ, ಅದನ್ನು ಹೊರಲು ಹೊಸ ಹೆಗಲು ಸಿಗುತ್ತದೆ, ಅಷ್ಟೇ. ಇದು ನನ್ನ ಸಿದ್ಧಾಂತ. ಚರ್ಚಾಸ್ಪರ್ಧೆಗಳಲ್ಲಿ ವಿರೋಧ ಪಕ್ಷ ಹಿಡಿದು ಹಿಡಿದು, ಅವ್ವ "ಚಾ ಕುಡೀತಿಯೇನೋ?" ಎಂದರೂ "ಯಾಕ ಕುಡೀಬೇಕು?" ಎಂದು ಕೇಳುವ ಹಂತಕ್ಕೆ ಬಂದಿದ್ದ ನನಗೆ ಇಂಥ ಸಿದ್ಧಾಂತಗಳು ಧಾರಾಳವಾಗಿ ಹೊಳೆಯುತ್ತಿದ್ದವು.

ತೊಂಬತ್ತರ ದಶಕದ ಕೊನೆಯ ಮಾತು. ಮುದ್ದೇಬಿಹಾಳದ ನಮ್ಮ ಕಾಲೇಜಿನ ಕಬಡ್ಡಿ ತಂಡದಲ್ಲಿ ಹಿಡಿಯುವವರಿಗೆ ಬರವಿರಲಿಲ್ಲ. ಹಿಡಿದರೆ ಟ್ರ್ಯಾಕ್ಟರ್ ಹಚ್ಚಿ ಎಳೆದರೂ ಬಿಡುತ್ತಿರಲಿಲ್ಲ. ದಾಳಿಗೆ ಹೋದವನು ಮಾತ್ರ ತಿರುಗಿ ಬರುತ್ತಿರಲಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರಾದ ಗೌಡರು ಆಗಷ್ಟೇ ಮಾಳಿಗೆಯ ಮೇಲೆ ಡಿಶ್ ಕೂಡಿಸಿದ್ದರು. ಅದರಲ್ಲಿ ಪರದೇಶದ ಕಾಲೇಜು ಹುಡುಗರ ಫುಟ್‌ಬಾಲ್ ನೋಡಿ ಬಂದು ಸಭೆಯಲ್ಲಿ, "ಅಲ್ಲಿ ದಾಳಿ ಕಲಸಾಕ ಬ್ಯಾರೇನ ಮಾಸ್ತರ ಇರ್ತಾನ್ರಿ. ನಮ್ಮಲ್ಲಿ ಯಾಕಿಲ್ಲ?" ಎಂದರು. ವಿದ್ಯಾರ್ಥಿ ಪ್ರತಿನಿಧಿಯಾಗಿ ಮೂಲೆಯಲ್ಲಿ ಕೂತಿದ್ದ ನಾನು, ನಮ್ಮಲ್ಲಿ ರಸಾಯನಶಾಸ್ತ್ರಕ್ಕೂ ಮಾಸ್ತರರಿಲ್ಲ ಎಂದು ನೆನಪಿಸಿದೆ. "ರಸಾಯನದಾಗ ಸೋತ್ರ ಯಾರಿಗೂ ಗೊತ್ತಾಗೂದಿಲ್ಲೋ ತಮ್ಮಾ. ಕಬಡ್ಡ್ಯಾಗ ಸೋತ್ರ ಬಸ್‌ಸ್ಟ್ಯಾಂಡಿನ್ಯಾಗ ನಿಲ್ಲಿಸಿ ಕೇಳ್ತಾರ" ಎಂದರು ಗೌಡರು.

ಹೀಗೆ ಯಂಕಂಚಿಯಿಂದ ಬಿರಾದಾರ ಮಾಸ್ತರರು ಬಂದರು. ನೇಮಕ ಒಂದು ಪಂದ್ಯಾವಳಿಯ ಮಟ್ಟಿಗೆ. ಕಲಿಸಿದ್ದು ಫಲ ಕೊಟ್ಟರೆ ಕಾಯಂ, ಇಲ್ಲದಿದ್ದರೆ ಬಂದ ದಾರಿ ಹಿಡಿಯಬೇಕು. ಆದರೂ ಮನುಷ್ಯ ಹೆಂಡತಿ, ಮಕ್ಕಳು, ಪಾತ್ರೆ ಪಡಗ ಎಲ್ಲವನ್ನೂ ಟಂಟಂ ಗಾಡಿಯಲ್ಲಿ ಹೇರಿಕೊಂಡೇ ಬಂದಿದ್ದರು. ಇದು ಆತ್ಮವಿಶ್ವಾಸವೋ ಅವಿವೇಕವೋ ಎಂಬುದು ನನ್ನ ಮಟ್ಟಿಗೆ ಚರ್ಚೆಗೆ ಒಳ್ಳೆಯ ವಿಷಯ. ಚರ್ಚಿಸಿಯೂ ಚರ್ಚಿಸಿದೆ. ಮೈದಾನದ ಕಟ್ಟೆಯ ಮೇಲೆ ಕೂತು, ದಾಳಿ ಎಂಬುದು ಕಲಿಸಿ ಬರುವಂಥದ್ದೇ ಅಲ್ಲ, ಈ ನೇಮಕವೇ ಬೋಗಸ್ ಎಂದು ಸಂಜೆ ಸಂಜೆ ಭಾಷಣ ಬಿಗಿದೆ. ಒಂದು ದಿನ ಮಾಸ್ತರರು ಬಾಯಿಂದ ಸೀಟಿ ತೆಗೆದರು.

"ಏ ಚಷ್ಮಾ, ಬಾ ಇಲ್ಲಿ. ಆವಾಗಿಂದ ನೋಡಾಕತ್ತೇನಿ, ನಡಕ ಒಮ್ಮೆರ ದಮ್ಮ ತಗೊಂಡಿಯೇನ?"

"ವಾದಕ್ಕೂ ದಮ್ಮಿಗೂ ಏನ್ ಸಂಬಂಧ ಐತ್ರಿ ಸರ?"

"ಅದನ್ನ ಕಬಡ್ಡಿ ಕಬಡ್ಡಿ ಅನಕೋತ ಕೇಳು."

ಟೀಕಾಕಾರನನ್ನೇ ತಂಡಕ್ಕೆ ಸೇರಿಸಿಕೊಳ್ಳುವುದು ಹಳೆಯ ರಾಜಕಾರಣ. ಗೊತ್ತಿದ್ದೂ ಸಿಕ್ಕಿಬಿದ್ದೆ. "ಮುಖಾ ನೋಡಬ್ಯಾಡ, ಮುಖಾ ಸುಳ್ಳ ಹೇಳತೈತಿ. ಮೊಣಕಾಲ ನೋಡು" ಎನ್ನುತ್ತಿದ್ದರು ಮಾಸ್ತರರು. ನನ್ನ ಬಾಯಿ ಅವರನ್ನು ವಿರೋಧಿಸುತ್ತಿದ್ದ ಹೊತ್ತಿಗೇ ಕಾಲು ಅವರ ಮಾತು ಕೇಳತೊಡಗಿತು. ಸಂಕಟ ಶುರುವಾದದ್ದೇ ಇಲ್ಲಿ: ನಾನು ಗೆದ್ದರೆ ನನ್ನ ವಾದ ಸೋಲುತ್ತದೆ.

ಬಸವನ ಬಾಗೇವಾಡಿಯಲ್ಲಿ ಇಂಡಿ ಕಾಲೇಜಿನವರ ವಿರುದ್ಧ ಪಂದ್ಯಾವಳಿಯ ಕೊನೆಯ ಆಟ. ಅಂಕ ಸಮ, ಕಡೆಯ ದಾಳಿ ನನ್ನದು. ಬಗ್ಗಿದೆ, ಕಾಲು ಚಾಚಿದೆ, ಹೆಬ್ಬೆರಳು ಒಬ್ಬನ ಹಿಮ್ಮಡಿಗೆ ತಾಗಿತು. ಇನ್ನು ನಡುಗೆರೆ ದಾಟಿದರೆ ಮುಗಿಯಿತು. ಅಷ್ಟರಲ್ಲಿ ಅವನು ತಲೆಯಾಡಿಸಿ, "ಮುಟ್ಟಿಲ್ಲ" ಎಂದ.

ಆಧಾರವಿಲ್ಲದ ಹೇಳಿಕೆ! ನಾನು ಕಬಡ್ಡಿ ಎನ್ನುವುದನ್ನು ಬಿಟ್ಟು, "ಮುಟ್ಟಿಲ್ಲ ಅಂತ ಯಾವ ಆಧಾರದ ಮ್ಯಾಲೆ ಅಂತೀಪಾ?" ಎಂದೆ. ದಮ್ಮು ಮುರಿಯಿತೆಂದು ಅಂಪೈರರ ಸೀಟಿ ಕೇಳಿತು. ಮೊದಲ ಅಂಶ ಮುಗಿಯುವಷ್ಟರಲ್ಲಿ ಇಡೀ ಇಂಡಿ ನನ್ನ ಮೇಲಿತ್ತು. ಎರಡನೆಯ ಅಂಶವನ್ನು ಅವರ ಅಡಿಯಿಂದಲೇ ಮಂಡಿಸಿದೆ. "ನೀ ಮುಟ್ಟೀಯೋ ಬಿಟ್ಟೀಯೋ, ಗೆರಿ ದಾಟಿದ ಮ್ಯಾಲಿನ ಮಾತದು" ಎಂದರು ಅಂಪೈರರು.

ಮರುದಿನ ಮಂಡಳಿಯ ಸಭೆ. ಗೌಡರ ಪ್ರಶ್ನೆ ಒಂದೇ: ಹುಡುಗ ಮುಟ್ಟಿದ್ದು ಖರೆಯಾದರೆ ಮಾಸ್ತರರು ಕಲಿಸಿದ್ದೂ ಖರೆ; ಸುಳ್ಳಾದರೆ ಮಾಸ್ತರರು ಗಂಟುಮೂಟೆ ಕಟ್ಟಬೇಕು. ಮಾಸ್ತರರು ಗೋಡೆಗೆ ಆತು ನಿಂತು ಸೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಿದ್ದರು. "ಮುಟ್ಟಿರಲಿಲ್ಲ" ಎಂದು ಒಂದು ಮಾತು ಅಂದಿದ್ದರೆ ಇಷ್ಟು ದಿನದ ನನ್ನ ವಾದ ಗೆಲ್ಲುತ್ತಿತ್ತು. ಆದರೆ ಮುಟ್ಟಿದ್ದನ್ನು ಮುಟ್ಟಿಲ್ಲ ಎಂದು ಒಪ್ಪುವ ಅವಮಾನವನ್ನು ಹೇಗೆ ಸಹಿಸಲಿ?

"ಮುಟ್ಟೇನ್ರಿ!" ಎಂದೆ.

"ಸಾಬೀತ ಮಾಡು" ಎಂದರು ಗೌಡರು.

ಸಾಕ್ಷಿ ಕೇಳಿದ್ದು ಅವರೇ. ಬಗ್ಗಿ, ಮೇಜಿನ ಕೆಳಗಿಂದ ಕಾಲು ಚಾಚಿ, ಗೌಡರ ಹಿಮ್ಮಡಿಗೆ ಹೆಬ್ಬೆರಳು ತಾಗಿಸಿದೆ. ಹಿರಿಯರಿಗೆ ಕಾಲು ತಾಗಿಸಿದೆನೆಂದು ಅವರಿಗೆ ಹೊಳೆಯುವಷ್ಟರಲ್ಲಿ ಬಾಗಿಲ ಹತ್ತಿರ ಇದ್ದೆ.

ಗೌಡರು ಎದ್ದು ನಿಂತರು. ಹಿಮ್ಮಡಿ ನೋಡಿಕೊಂಡರು. "ಮುಟ್ಟ್ಯಾನ" ಎಂದರು. "ಮಾಸ್ತರ ಕಾಯಂ. ಈ ಮಗನ ಬಾಯಿ ಬಂದ್ ಮಾಡಾಕ ಇನ್ನೊಬ್ಬ ಮಾಸ್ತರನ್ನ ನೇಮಿಸಬೇಕಂತ ಠರಾವ್ ಬರಕೋರಿ. ಮತ್ತ ಅವನ್ನ ಹಿಡೀರಿ!"

ಹೊಸ್ತಿಲು ಒಂದೇ ಹೆಜ್ಜೆಯ ದೂರದಲ್ಲಿತ್ತು. ಮಾಸ್ತರರು ಗೋಡೆ ಬಿಟ್ಟು, "ಓಡೋ!" ಎಂದು ಕೂಗಿದರು. ಓಡುತ್ತಲೂ ಇದ್ದೆ. ಆದರೆ ಠರಾವು ಮಂಡನೆಯಾಗಿಬಿಟ್ಟಿತ್ತು. ಅದನ್ನು ವಿರೋಧಿಸಲು ತಿರುಗಿ ನಿಂತೆ.