ಹೆಣ ಆಡಿದ ಮಾತು

“ಇವತ್ತು ಹೇಗ್ ಸಾಯ್ತೀರಿ, ಡೆನ್ಜಿಲ್ ಅವ್ರೇ?” ಎಂದು ಪಕ್ಕದ ಮನೆಯ ಮಿಸೆಸ್ ಆಕ್ರಾಯ್ಡ್ ಬೇಲಿಯಾಚೆಯಿಂದ ಕೇಳದಿದ್ದರೆ ಆ ದಿನ ಯಾವ ಅನಾಹುತವೂ ಆಗುತ್ತಿರಲಿಲ್ಲ.

“ವಿಷ,” ಎಂದ ಡೆನ್ಜಿಲ್ ಹೆಪ್‌ವರ್ತ್.

“ಮುಖ ತೋರಿಸ್ತಾರಾ? ಹೋದ್ಸಲ ಬರೀ ಹೆಬ್ಬೆರಳು ಕಂಡಿದ್ದು. ನಮ್ಮನೆಯವ್ರು ಅದು ನಿಮ್ದಲ್ಲ ಅಂತ್ಲೇ ಹಟ ಹಿಡಿದ್ರು.”

ಇಪ್ಪತ್ತೆರಡು ವರ್ಷಗಳಲ್ಲಿ ಡೆನ್ಜಿಲ್ ಟಿ.ವಿ. ಪತ್ತೇದಾರಿ ಧಾರಾವಾಹಿಗಳಲ್ಲಿ ಮೂವತ್ತೊಂದು ಬಾರಿ ಸತ್ತಿದ್ದ: ವಿಷದಿಂದ ಒಂಬತ್ತು, ಚೂರಿಯಿಂದ ಎಂಟು, ಗುಂಡಿನಿಂದ ಏಳು, ನೀರಿನಲ್ಲಿ ಆರು, ಒಮ್ಮೆ ಚರ್ಚಿನ ಗಂಟೆ ತಲೆಯ ಮೇಲೆ ಬಿದ್ದು. ಆಡಿದ ಮಾತುಗಳ ಸಂಖ್ಯೆ ಸೊನ್ನೆ. ಚಿತ್ರೀಕರಣಕ್ಕೆಂದು ಲೀಡ್ಸ್‌ಗೆ ಹೊರಟ ರೈಲಿನಲ್ಲಿ ಅವನು ನಿಶ್ಚಯಿಸಿದ: ಇಂದು ಕ್ಯಾಮೆರಾದ ಮುಂದೆ ಒಂದು ಮಾತನ್ನಾದರೂ ಆಡದೆ ಮನೆಗೆ ಮರಳುವುದಿಲ್ಲ.

“ಏನ್ರೀ ಇವತ್ತು ಇಷ್ಟೊಂದು ಕಳೆ?” ಎನ್ನುತ್ತ ಮೇಕಪ್ಪಿನ ಬ್ರೆಂಡಾ ಅವನ ತುಟಿಗೆ ಇನ್ನಷ್ಟು ನೀಲಿ ಬಳಿದಳು. “ಹೆಣಕ್ಕೆ ಒಪ್ಪಲ್ಲ.”

ಡೆನ್ಜಿಲ್ ಜಮಖಾನೆಯ ಮೇಲೆ ಶಾಸ್ತ್ರೋಕ್ತವಾಗಿ ಬಿದ್ದುಕೊಂಡ. ಪತ್ತೇದಾರನ ಪಾತ್ರದ ಲಯನೆಲ್ ಪಕ್ಕದಲ್ಲಿ ಮಂಡಿಯೂರಿ, ತನ್ನ ದವಡೆಯನ್ನು ಕ್ಯಾಮೆರಾದತ್ತ ತಿರುಗಿಸಿ, ನಿಟ್ಟುಸಿರಿಟ್ಟ: “ಪಾಪ, ಯಾರಪ್ಪಾ ನಿನಗೆ ಈ ಗತಿ ತಂದವರು?”

“ಅಡುಗೆಯವಳು,” ಎಂದಿತು ಹೆಣ.

ಲಯನೆಲ್ ಕಾದ ಬಾಣಲೆಗೆ ಬಿದ್ದ ನೀರಹನಿಯಂತೆ ಚಿಮ್ಮಿದ.

“ಅದು ಆರನೇ ಕಂತಲ್ಲಿ ಗೊತ್ತಾಗ್ಬೇಕಾದ್ದು ಕಣ್ರೀ,” ಎಂದು ನಿರ್ದೇಶಕಿ ಫಿಲಿಪ್ಪಾ ತಲೆ ಹಿಡಿದುಕೊಂಡಳು.

ಡೆನ್ಜಿಲ್ ಎದ್ದು ಕುಳಿತ. “ಗೊತ್ತು. ನಿಮ್ಮ ಹೀರೋ ಕತೆ ಓದಿಲ್ಲ, ನಾನು ಓದಿದೀನಿ. ಇನ್ಮೇಲೆ ನಾನು ಸಾಯಲ್ಲ. ಬೇಕಿದ್ರೆ ಲಯನೆಲ್‌ನ ಸಾಯ್ಸಿ.”

“ಹೆಣಗಳೂ ಸಂಘ ಕಟ್ಕೊಂಡ್ವಾ?” ಎಂದ ಲಯನೆಲ್. ಆದರೆ ಸೆಟ್ಟಿನ ದೀಪದವರು ಚಪ್ಪಾಳೆ ತಟ್ಟಿಬಿಟ್ಟಿದ್ದರು. ಬ್ರೆಂಡಾ ಪೌಡರ್ ಬ್ರಷ್ಷನ್ನು ಬಾವುಟದಂತೆ ಎತ್ತಿದ್ದಳು.

ಫಿಲಿಪ್ಪಾ ಹೊರಗೆ ಹೋಗಿ ಕತೆಗಾರನೊಡನೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಬಂದಳು.

“ಸರಿ. ವಿಷ ಕುಡಿದ್ರೂ ಉಳ್ಕೊತೀರಿ. ಆರೂ ಕಂತಲ್ಲಿ ಇರ್ತೀರಿ.”

“ಮಾತು?”

“ವಿಷ ಹಾಕ್ದೋರು ಯಾರು ಅಂತ ನಿಮಗೊಬ್ರಿಗೇ ಗೊತ್ತು. ನೀವು ಮಾತಾಡಿದ್ರೆ ಕತೆ ಅಲ್ಲಿಗೇ ಮುಗೀತು. ಅದಕ್ಕೇ ನಿಮಗೆ ಕೊನೇವರ್ಗೂ ಪ್ರಜ್ಞೆ ಇರಲ್ಲ.”

“ಕೊನೇಲಿ?”

“ಎಚ್ಚರ ಆಗುತ್ತೆ. ಹೇಳೋಕೆ ಅಂತ ಬಾಯಿ ತೆರೀತೀರಿ. ಸಾಯ್ತೀರಿ.”

ಮಧ್ಯಾಹ್ನಕ್ಕೆ ಆಸ್ಪತ್ರೆಯ ಮಂಚ ಬಂತು. ಡೆನ್ಜಿಲ್ ಅದರ ಮೇಲೆ ಮಲಗಿ, ಪ್ರತಿಭಟನಾರ್ಥವಾಗಿ, ಬಾಯನ್ನು ಆದಷ್ಟೂ ಅಗಲವಾಗಿ ತೆರೆದ. ಯಾರು ಎಷ್ಟು ಬೇಡಿಕೊಂಡರೂ ಮುಚ್ಚಲಿಲ್ಲ.

ಫಿಲಿಪ್ಪಾ ಪರದೆಯಲ್ಲಿ ಅದನ್ನು ಪರಿಶೀಲಿಸಿದಳು.

“ಹಾಗೇ ಇರ್ಲಿ ಬಿಡಿ,” ಎಂದಳು. “ಯಾರಾದ್ರೂ ಒಂದು ಆಕ್ಸಿಜನ್ ಮಾಸ್ಕ್ ತನ್ನಿ. ದೊಡ್ಡ ಸೈಜಿಂದು.”