ಪಾಯಸದ ಮುಂದೆ ಸೊನ್ನೆ

೧. ಖಾಲಿ ಹೊಟ್ಟೆ

ಫೈಲು ಇತ್ತು. ಒಳಗೆ ಏನೂ ಇರಲಿಲ್ಲ.

ವೆಸ್ಟ್ ಮಾಂಬಲಂನ ಹೋಟೆಲ್ ಅಡುಗೆಮನೆ. ಬೆಳಿಗ್ಗೆ. ಒಲೆಗಳು ಉರಿಯುತ್ತಿದ್ದವು. ಅಡ್ಯಾರ್ ಶಾಖೆಗೆ ಎಷ್ಟು ಇಡ್ಲಿ, ಮೈಲಾಪೂರ್ ಶಾಖೆಗೆ ಎಷ್ಟು ಸಾಂಬಾರು ಎಂದು ಆ ಎಕ್ಸೆಲ್ ಫೈಲು ಹೇಳಬೇಕಿತ್ತು. ಅದನ್ನು ತಯಾರಿಸುವ ಪ್ರೋಗ್ರಾಂ ನನ್ನದು. ನಿವೃತ್ತಿಯಾದ ಮೇಲೆ ಸಿಕ್ಕ ಕೆಲಸ. ಮೊದಲ ದಿನ.

ಇಂಥ ಫೈಲನ್ನು ಬರೆಯಲು ಒಂದು ಲೈಬ್ರರಿ ಇರುತ್ತದೆ. ಯಾರೋ ಮೊದಲೇ ಬರೆದಿಟ್ಟ ಪ್ರೋಗ್ರಾಂ ಅದು. ಹಾಳೆ ಮಾಡು ಎಂದರೆ ಮಾಡುತ್ತದೆ, ಈ ಚೌಕದಲ್ಲಿ ಇಡ್ಲಿ ಹಾಕು ಎಂದರೆ ಹಾಕುತ್ತದೆ. ಕೊನೆಗೆ ‘ಫೈಲಿಗೆ ಬರಿ’ ಎಂದು ಹೇಳಬೇಕು. ಹೇಳದಿದ್ದರೆ ಫೈಲು ಹುಟ್ಟುತ್ತದೆ, ಹೊಟ್ಟೆ ಖಾಲಿ. ಆ ಒಂದು ಸಾಲು ಬಿಟ್ಟುಹೋಗಿತ್ತು.

ಹಿರಿಯ ಅಡುಗೆಯವರು ಭಟ್ಟರು. ಕುಂದಾಪುರದ ಕಡೆಯವರು. ಸೌಟು ಹಿಡಿದು ನನ್ನ ಪಕ್ಕ ನಿಂತರು.

“ಎಂತ ಸಾರ್, ಇವತ್ತು ಊರಿಗೆಲ್ಲ ಉಪವಾಸವಾ?”

“ಒಂದು ಸಾಲು ಮರೆತೆ,” ಎಂದೆ.

“ನಾನೂ ಒಮ್ಮೆ ಒಗ್ಗರಣೆ ಮರೆತಿದ್ದೆ,” ಎಂದರು ಭಟ್ಟರು. “ಆದರೆ ಪಾತ್ರೆಯಲ್ಲಿ ಸಾರು ಇತ್ತು.”

೨. ನಲವತ್ತಾರು ಸಾವಿರ ವಡೆ

ಅಡುಗೆಮನೆಯ ಕಂಪ್ಯೂಟರ್ ಬಹಳ ಹಳೆಯದು. ಹಳೆಯ ಬೈನರಿ ಎಕ್ಸೆಲ್ ಫೈಲು ಬಿಟ್ಟರೆ ಬೇರೆ ಯಾವುದನ್ನೂ ತೆರೆಯುವುದಿಲ್ಲ. ಹೊಸದು ತರಿಸಿ ಎಂದೆ. ಮಾಲೀಕರು, “ಓಡ್ತಾ ಉಂಟಲ್ಲ ಮಾರಾಯ್ರೆ,” ಎಂದರು. ಭಟ್ಟರು ಆಯುಧಪೂಜೆಗೆ ಅದಕ್ಕೆ ಕುಂಕುಮ ಇಡುತ್ತಾರೆ. ಮಾತು ಅಲ್ಲಿಗೆ ಮುಗಿಯಿತು. ಹಳೆಯ ಬಗೆಯ ಫೈಲು ಬರೆಯುವ ಲೈಬ್ರರಿಯನ್ನೇ ಹುಡುಕಿಕೊಂಡೆ.

ಆ ಫೈಲಿನಲ್ಲಿ ತಾರೀಖು ತಾರೀಖಾಗಿ ಇರುವುದಿಲ್ಲ. ಸಾವಿರದ ಒಂಬೈನೂರನೇ ಇಸವಿಯಿಂದ ಇಂದಿನವರೆಗೆ ಎಷ್ಟು ದಿನ ಕಳೆಯಿತೋ ಆ ಸಂಖ್ಯೆ ಇರುತ್ತದೆ. ಅದನ್ನು ತಾರೀಖಿನಂತೆ ತೋರಿಸು ಎಂದು ಬೇರೆಯಾಗಿ ಹೇಳಬೇಕು. ನಾನು ಹೇಳಿದ್ದು ಇಡ್ಲಿಯ ಹಾಳೆಗೆ. ವಡೆಯ ಹಾಳೆಗೆ ಹೇಳಿರಲಿಲ್ಲ. ‘ವಡೆ’ ಎಂಬ ಹೆಸರಿನ ಪಕ್ಕದಲ್ಲೇ ಆ ಸಂಖ್ಯೆ ಕೂತಿತ್ತು.

ಒಂದು ದಿನ ಬೆಳಿಗ್ಗೆ ಬಂದಾಗ ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ. ಕೊಳಗ, ಬಕೆಟ್ಟು, ಹಂಡೆ, ಎಲ್ಲದರಲ್ಲೂ ಉದ್ದಿನಬೇಳೆ ನೆನೆಯುತ್ತಿತ್ತು. ಇನ್ನೂ ಬೇಳೆ ತರಲು ಆಟೋ ಹೋಗಿತ್ತು.

“ಭಟ್ಟರೆ, ಇದೇನಿದು?”

“ನೀವೇ ಬರೆದದ್ದು. ವಡೆ, ನಲವತ್ತಾರು ಸಾವಿರ ಚಿಲ್ಲರೆ.”

“ಅದು ತಾರೀಖು! ಅಷ್ಟು ವಡೆ ಯಾರು ತಿಂತಾರೆ ಅಂತ ಅನ್ನಿಸಲಿಲ್ವಾ?”

“ಅನ್ನಿಸಿತು. ಎಲೆಕ್ಷನ್ ಹತ್ತಿರ ಬಂತು ಅಂದುಕೊಂಡೆ.”

ಮಾಲೀಕರು ಹಂಡೆಗಳನ್ನೆಲ್ಲ ನೋಡಿಕೊಂಡು ಬಂದರು. ದನಿ ಏರಿಸಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

“ಮುಂದಿನ ತಿಂಗಳು ಮೈಲಾಪೂರಿನಲ್ಲಿ ದೊಡ್ಡ ಮದುವೆ ಉಂಟು. ಊಟ ನಮ್ಮದು. ಅವತ್ತು ಫೈಲು ಕೈ ಕೊಟ್ಟರೆ, ಕಂಪ್ಯೂಟರನ್ನೂ ನಿಮ್ಮನ್ನೂ ಒಂದೇ ಆಟೋದಲ್ಲಿ ಮನೆಗೆ ಕಳಿಸ್ತೇನೆ.”

ಮನೆಗೆ ಬಂದು ಹೆಂಡತಿಗೆ ಹೇಳಿದೆ. ನಿವೃತ್ತಿಯಾದ ಮೇಲೆ ಕೆಲವು ತಿಂಗಳು ನಾನು ಮನೆಯಲ್ಲೇ ಕೂತಿದ್ದೆ. ಅವಳ ಅಡುಗೆಮನೆಯ ಡಬ್ಬಿಗಳನ್ನು ಅಕ್ಷರಮಾಲೆಯ ಪ್ರಕಾರ ಜೋಡಿಸಿದ್ದೆ. ಅವಳು ಅದನ್ನು ಮರೆತಿಲ್ಲ.

ಡಬ್ಬಿಗಳ ಕಡೆ ಒಮ್ಮೆ ನೋಡಿ ಹೇಳಿದಳು: “ಕಂಪ್ಯೂಟರ್ ಒಂದೇ ಬರಲಿ.”

೩. ಯಾವ ಕಡೆಯ ಕನ್ನಡ

ಅಡ್ಯಾರ್ ಶಾಖೆಯ ಮ್ಯಾನೇಜರ್ ತಮಿಳರು. ಒಳ್ಳೆಯವರು. ಎಲ್ಲ ಫೈಲನ್ನೂ ನೋಟ್‌ಪ್ಯಾಡಿನಲ್ಲೇ ತೆರೆಯುವ ಅಭ್ಯಾಸ. ಬೈನರಿ ಫೈಲು ಎಕ್ಸೆಲ್ಲಿಗೆ ಮಾತ್ರ ಅರ್ಥವಾಗುವಂಥದ್ದು. ಹಾಗೆ ತೆರೆದರೆ ಕಾಣುವುದು ಚೌಕ, ಸುರುಳಿ, ಬಾಲವಿರುವ ಚುಕ್ಕೆಗಳು. ಪುಟಗಟ್ಟಲೆ. ಅವರು ಅಷ್ಟನ್ನೂ ಪ್ರಿಂಟ್ ತೆಗೆದರು.

ಮಧ್ಯಾಹ್ನ ಅವರ ಫೋನ್ ಬಂತು. ಮದುವೆಯ ಚಿಂತೆಯಲ್ಲಿ ಮೊದಲ ಗಂಟೆಗೇ ಎತ್ತಿಕೊಂಡೆ.

“ಸಾರ್, ಒಂದೂ ಪುರಿಯಲೆ, ಅರ್ಥ ಆಗ್ಲಿಲ್ಲ. ಕನ್ನಡದಲ್ಲಿ ಯಾಕೆ ಕಳಿಸಿದ್ರಿ?”

“ಅದು ಕನ್ನಡ ಅಲ್ಲ.”

“ನಮ್ಮ ಸರ್ವರ್ ಶಿವಮೊಗ್ಗದವನು. ಅವನ ಹತ್ತಿರ ಓದಿಸಿದೆ ಸಾರ್.”

“ಓದಿದನಾ?”

“ಅರ್ಧ ಗಂಟೆ ನೋಡಿದ. ಆಮೇಲೆ, ಇದು ನಮ್ಮ ಕಡೆಯದಲ್ಲ, ಮಂಗಳೂರಿನವರದಿರಬೇಕು ಅಂದ.”

೪. ಪಾಯಸ

ಮದುವೆಯ ದಿನ ಬಂತು. ಫೈಲನ್ನು ಹಿಂದಿನ ದಿನವೇ ತೆರೆದು ನೋಡಿದ್ದೆ. ಮುಚ್ಚಿ, ಮತ್ತೆ ತೆರೆದು ನೋಡಿದ್ದೆ. ಎಲ್ಲ ಸರಿಯಿತ್ತು. ಅಡುಗೆಮನೆಯ ಕಂಪ್ಯೂಟರಿನಲ್ಲಿ ಭಟ್ಟರಿಗೂ ತೋರಿಸಿದ್ದೆ. ಮಾಲೀಕರ ಫೋನಿಗೂ ಒಂದು ಪ್ರತಿ ಹೋಗಿತ್ತು. ಬೆಳಿಗ್ಗೆ ಮನೆಯಲ್ಲೇ ಕೂತು ಕಾಯುತ್ತಿದ್ದೆ.

ಫೋನ್ ಬಂತು. ಮದುವೆ ಛತ್ರದಿಂದ ಮಾಲೀಕರು.

“ಪಾಯಸ ಸೊನ್ನೆ ಮಾರಾಯ್ರೆ!”

“ಏನು?”

“ಪಾಯಸ ಸೊನ್ನೆ! ಅನ್ನ ಸೊನ್ನೆ! ಒಟ್ಟು ಅಂತ ಇರುವ ಕಡೆಯೆಲ್ಲ ಸೊನ್ನೆ!”

“ಎಲ್ಲಿ ನೋಡಿದ್ರಿ? ಕಂಪ್ಯೂಟರಿನಲ್ಲಾ, ಫೋನಿನಲ್ಲಾ?”

“ಹುಡುಗಿಯ ಅಪ್ಪನ ಎದುರಿನಲ್ಲಿ!”

ಫೋನ್ ಕಟ್ಟಾಯಿತು. ಮತ್ತೆ ಮಾಡಿದರೆ ಬಿಜಿ.

ನನಗೆ ಕೂಡಲೇ ಗೊತ್ತಾಯಿತು. ‘ಒಟ್ಟು’ ಚೌಕಗಳಲ್ಲಿ ನಾನು ಕೂಡುವ ಸೂತ್ರ ಹಾಕಿದ್ದೆ. ಲೈಬ್ರರಿ ಸೂತ್ರವನ್ನು ಬರೆಯುತ್ತದೆ, ತಾನು ಕೂಡುವುದಿಲ್ಲ, ಉತ್ತರದ ಜಾಗದಲ್ಲಿ ಸೊನ್ನೆ ಇಟ್ಟಿರುತ್ತದೆ. ಕಂಪ್ಯೂಟರಿನ ಎಕ್ಸೆಲ್ ತೆರೆದ ಕೂಡಲೇ ಕೂಡಿಕೊಳ್ಳುತ್ತದೆ. ಮಾಲೀಕರ ಫೋನು ಕೂಡಲಿಲ್ಲ. ಸೊನ್ನೆ ತೋರಿಸಿತು.

ಅಂದರೆ ಭಟ್ಟರಿಗೆ ಸರಿಯಾದ ಲೆಕ್ಕ ಹೋಗಿತ್ತು. ಅಡುಗೆ ಆಗಿತ್ತು. ಆದರೆ ಅದನ್ನು ಮಾಲೀಕರಿಗೆ ಹೇಳುವುದು ಹೇಗೆ? ಆಟೋ ಹಿಡಿದೆ.

ಅಷ್ಟರಲ್ಲಿ ಅವರು ಭಟ್ಟರಿಗೆ ಫೋನ್ ಮಾಡಿದ್ದರು. ಒಲೆಗಳ ಸದ್ದಿನಲ್ಲಿ ಭಟ್ಟರಿಗೆ ಕೇಳಿಸಲಿಲ್ಲ. ಅನ್ನ ಎಲ್ಲಿಂದಾದರೂ ತರಬಹುದು. ಎಲೆಯ ತುದಿಗೆ ಮೊದಲು ಪಾಯಸ ಬೀಳದೆ ಯಾರೂ ಊಟಕ್ಕೆ ಕೈ ಹಾಕುವುದಿಲ್ಲ. ಮಾಲೀಕರು ಅಡ್ಯಾರ್ ಶಾಖೆಗೆ ಫೋನ್ ಮಾಡಿ, ಇದ್ದದ್ದರಲ್ಲಿ ಪಾಯಸ ಮಾಡಿ ಕಳಿಸಿ ಎಂದರು. ಅವರ ಮೇಲೆ ಪೂರ್ತಿ ನಂಬಿಕೆಯಿಲ್ಲದೆ ಮೈಲಾಪೂರ್ ಶಾಖೆಗೂ ಅದನ್ನೇ ಹೇಳಿದರು.

ನಾನು ಛತ್ರದ ಹಿಂಬಾಗಿಲಿಗೆ ಬರುವಾಗ ಮೂರು ವ್ಯಾನು ನಿಂತಿದ್ದವು. ಮಾಂಬಲಂನಿಂದ ಭಟ್ಟರ ಕಡಲೆಬೇಳೆ ಪಾಯಸ. ಅಡ್ಯಾರಿನಿಂದ ಶ್ಯಾವಿಗೆ. ಮೈಲಾಪೂರಿನಿಂದ ಹೆಸರುಬೇಳೆ. ಮೂರೂ ಕೊಪ್ಪರಿಗೆ ತುಂಬ.

ಮಾಲೀಕರು ನನ್ನನ್ನು ನೋಡಿದರು. ನಾನು ಬಂದ ಆಟೋವನ್ನೂ ನೋಡಿದರು.

“ಎರಡನ್ನು ವಾಪಸ್ ಕಳಿಸೋಣ,” ಎಂದೆ.

ವ್ಯಾನಿನ ಜೊತೆ ಬಂದಿದ್ದ ಭಟ್ಟರು ಅಡ್ಡ ಬಂದರು. “ಮದುವೆ ಛತ್ರಕ್ಕೆ ಬಂದ ಪಾಯಸ ತುಂಬಿದ ಪಾತ್ರೆಯಲ್ಲಿ ವಾಪಸ್ ಹೋಗುವುದುಂಟಾ? ಅಪಶಕುನ. ಮೂರೂ ಬಡಿಸುವುದೇ.”

ಬಡಿಸಿದರು. ಎಲೆಯ ತುದಿಯಲ್ಲಿ ಮೂರು ಪಾಯಸ. ಹಪ್ಪಳಕ್ಕೆ ಜಾಗ ಉಳಿಯಲಿಲ್ಲ.

ಹುಡುಗಿಯ ಅಪ್ಪ ಎದ್ದು ಬಂದರು. ನಾನು ಕಂಬದ ಹಿಂದೆ ಸರಿದೆ.

“ಎನ್ನ ಸಾರ್ ಇದು, ಮೂಣು ಪಾಯಸಮಾ?”

ಮಾಲೀಕರು ಕಣ್ಣು ಮಿಟುಕಿಸಲಿಲ್ಲ. “ಎಂಗ ಊರು ಪಳಕ್ಕಂ,” ಎಂದರು. ನಮ್ಮ ಊರಿನ ಪದ್ಧತಿ.

ಹುಡುಗಿಯ ಅಪ್ಪ ಎರಡೂ ಕೈ ಜೋಡಿಸಿದರು. ಅವರ ಕಣ್ಣಲ್ಲಿ ನೀರು. ಪಕ್ಕದಲ್ಲಿದ್ದ ಹುಡುಗನ ದೊಡ್ಡಪ್ಪ ತಮ್ಮ ಮಗಳ ಮದುವೆಯ ಊಟವನ್ನು ಅಲ್ಲೇ ಒಪ್ಪಿಸಿದರು. ಒಂದೇ ಷರತ್ತು. ಪಾಯಸ ಮೂರು ಇರಬೇಕು.

ಈಗ ಫೈಲಿನಲ್ಲಿ ಪಾಯಸಕ್ಕೆ ಮೂರು ಸಾಲು. ಒಟ್ಟನ್ನು ಪ್ರೋಗ್ರಾಮೇ ಕೂಡಿ ಬರೆಯುತ್ತದೆ, ಸೂತ್ರವಿಲ್ಲ. ಕಂಪ್ಯೂಟರ್ ಅಡುಗೆಮನೆಯಲ್ಲೇ ಇದೆ. ನಾನೂ.